ಸಾಂಸ್ಥಿಕ ವರ್ತನಾ ನಿರ್ವಹಣೆ

ಏನಿದು?

ಕೆಲಸದ ಸ್ಥಳದಲ್ಲಿ ಜನರ ವರ್ತನೆಯನ್ನು ಅಳೆದು, ಅದರ ಕಾರಣಗಳನ್ನು ಸುತ್ತಲಿನ ಪರಿಸರದಲ್ಲಿ ಹುಡುಕಿ, ಆ ಪರಿಸರವನ್ನು ತಿದ್ದುವ ಮೂಲಕ ವರ್ತನೆಯನ್ನು ಸುಧಾರಿಸುವ ಆನ್ವಯಿಕ ವಿಜ್ಞಾನವೇ ಸಾಂಸ್ಥಿಕ ವರ್ತನಾ ನಿರ್ವಹಣೆ. ಇಂಗ್ಲಿಷಿನ ಆರ್ಗನೈಸೇಷನಲ್ ಬಿಹೇವಿಯರ್ ಮ್ಯಾನೇಜ್‌ಮೆಂಟ್, ಅಂದರೆ ಓಬಿಎಂ, ಇದೇ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಸಂಶೋಧನೆ ಇದರ ತಳಹದಿ. 1977ರಲ್ಲಿ ಈ ಕ್ಷೇತ್ರಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆ ಆರಂಭವಾಯಿತು. ಎಂಬಿಎ ತರಗತಿಗಳಲ್ಲಿ ಕಲಿಸುವ ಸಾಂಸ್ಥಿಕ ವರ್ತನೆಯಲ್ಲಿ ಮನೋಭಾವ, ವ್ಯಕ್ತಿತ್ವ, ನಾಯಕತ್ವಗಳೂ ಸೇರುತ್ತವೆ. ಓಬಿಎಂ ಮಾತ್ರ ಕಣ್ಣಿಗೆ ಕಾಣುವ, ಎಣಿಸಬಹುದಾದ ಕ್ರಿಯೆಯನ್ನೇ ಹಿಡಿಯುತ್ತದೆ.

ಕಾರ್ಯವಿಧಾನ

ಪ್ರತಿ ವರ್ತನೆಗೂ ಹಿಂದೆ ಒಂದು ಪೂರ್ವಸಂಗತಿ, ಮುಂದೆ ಒಂದು ಫಲ ಇರುತ್ತದೆ. ಸೂಚನೆ, ತರಬೇತಿ, ಗುರಿ ಇವು ಪೂರ್ವಸಂಗತಿಗಳು. ಮೆಚ್ಚುಗೆ, ಹಿಮ್ಮಾಹಿತಿ, ಬಹುಮಾನ ಇವು ಫಲಗಳು. ವರ್ತನೆಯನ್ನು ಹೆಚ್ಚಿಸುವ ಫಲವನ್ನು ಪುನರ್ಬಲನ ಎನ್ನುತ್ತಾರೆ. ನೌಕರನನ್ನು ಸೋಮಾರಿ ಎಂದು ಕರೆದುಬಿಡುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅವನಿಗೆ ಕೆಲಸ ಗೊತ್ತಿದೆಯೇ, ಸಲಕರಣೆ ಸಿಕ್ಕಿದೆಯೇ, ಚೆನ್ನಾಗಿ ಮಾಡಿದಾಗ ಯಾರಾದರೂ ಗಮನಿಸುತ್ತಾರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಹೊಸೂರು ರಸ್ತೆಯ ಪ್ರಯೋಗ

ಬೆಂಗಳೂರಿನ ಬಿಟಿಎಂ ಲೇಔಟ್, ಜಯನಗರಗಳಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯನ್ನು ವಿವರಿಸಬೇಕಿಲ್ಲ. ಹೊಸೂರು ರಸ್ತೆಯ ಎತ್ತರಿಸಿದ ಹೆದ್ದಾರಿ ಇನ್ನೂ ತೆರೆಯದಿದ್ದ 2008ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿ ಇನ್ಫೋಸಿಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾಲಾಜಿ ಪ್ರಭಾಕರ್ ಅವರ ತಂಡ ಸುಮಾರು 14,000 ನೌಕರರೊಂದಿಗೆ ಆರು ತಿಂಗಳ ಪ್ರಯೋಗ ಆರಂಭಿಸಿತು. ದಟ್ಟಣೆಗೆ ಮುಂಚೆ ಕಚೇರಿ ತಲುಪಿದವರಿಗೆ ಅಂಕ. ಆ ಅಂಕಗಳ ಆಧಾರದ ಮೇಲೆ ವಾರಕ್ಕೊಮ್ಮೆ ಲಾಟರಿಯಲ್ಲಿ ನಗದು ಬಹುಮಾನ. ಬೇಗ ಬರುವವರ ಸಂಖ್ಯೆ ಇಮ್ಮಡಿಯಾಯಿತು. ಕಂಪನಿಯ ಬಸ್ಸುಗಳಲ್ಲಿ ಬರುವವರ ಸರಾಸರಿ ಬೆಳಗಿನ ಪ್ರಯಾಣ 71 ನಿಮಿಷದಿಂದ 54 ನಿಮಿಷಕ್ಕೆ ಇಳಿಯಿತು.

ಪ್ರಭಾಕರ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಆದರೂ ಪ್ರಯೋಗದ ಒಳತಂತ್ರ ಸ್ಕಿನ್ನರ್ ವಿವರಿಸಿದ್ದೇ. ಯಾವಾಗ ಸಿಗುತ್ತದೆಂದು ಖಚಿತವಿಲ್ಲದ ಬಹುಮಾನ ವರ್ತನೆಯನ್ನು ಬಹುಕಾಲ ಉಳಿಸುತ್ತದೆ. ಜೊತೆಗೆ ಬೇಗ ಹೊರಟವರಿಗೆ ತೆರವಾದ ರಸ್ತೆಯೂ ಪ್ರತಿದಿನದ ಫಲವಾಯಿತು. ದಂಡವಿಲ್ಲದೆ, ಉಪದೇಶವಿಲ್ಲದೆ ಇಷ್ಟಾಯಿತೆಂಬುದೇ ಇಲ್ಲಿನ ಹೆಚ್ಚುಗಾರಿಕೆ.

ವೃತ್ತಿ ಪ್ರವೇಶ

ಓಬಿಎಂ ಹೆಸರಿನ ಹುದ್ದೆಗಳು ನಮ್ಮಲ್ಲಿ ವಿರಳ. ಕೆಲಸ ಸಿಗುವುದು ಕಾರ್ಖಾನೆ ಸುರಕ್ಷತೆ, ತರಬೇತಿ, ಗುಣಮಟ್ಟ, ಮಾನವ ಸಂಪನ್ಮೂಲ ವಿಭಾಗಗಳಲ್ಲಿ. ಮನೋವಿಜ್ಞಾನದ ಪದವಿಯೊಂದಿಗೆ ಸಂಖ್ಯಾಶಾಸ್ತ್ರ ಕಲಿತಿರುವುದು ಒಳ್ಳೆಯದು. ಹೊಸೂರು ರಸ್ತೆಯ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನವಿದೆ. 1973ರಲ್ಲಿ ಆರಂಭವಾದ, ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಸಾಂಸ್ಥಿಕ ವರ್ತನೆಯ ಅಧ್ಯಯನವಿದೆ. ಓದುವಾಗಲೇ ಪರಿಚಿತ ಅಂಗಡಿ ಅಥವಾ ಕಾರ್ಖಾನೆಯೊಂದರಲ್ಲಿ, ನೌಕರರ ಒಪ್ಪಿಗೆ ಪಡೆದು, ಒಂದೇ ಒಂದು ಕ್ರಿಯೆಯನ್ನು ಕೆಲವು ವಾರ ಎಣಿಸಿ, ಒಂದೇ ಒಂದು ಬದಲಾವಣೆ ಮಾಡಿ ಮತ್ತೆ ಎಣಿಸಬಹುದು. ಆ ಎರಡು ಎಣಿಕೆಗಳ ನಕ್ಷೆ ಸಂದರ್ಶನದಲ್ಲಿ ಅಂಕಪಟ್ಟಿಯಷ್ಟೇ ತೂಕ ಪಡೆಯಬಲ್ಲದು.