ಹಾಲು ಬಿಟ್ಟ ಮಗು, ಅಂಗಳದ ಬುದ್ಧಿಮಾತು

ಹಂಪಿಯ ವಿಠ್ಠಲ ದೇವಾಲಯದಿಂದ ಸ್ವಲ್ಪ ದೂರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಒಂದು ಕಲ್ಲಿನ ಮಂಟಪವಿದೆ. ಹೊಳೆ ತುಂಬಿ ಬಂದಾಗ ಅದರ ಕಂಬಗಳು ನೀರಿನಲ್ಲಿ ಮುಳುಗುತ್ತವೆ. ಜನ ಇದನ್ನು ಪುರಂದರ ಮಂಟಪ ಎನ್ನುತ್ತಾರೆ. 16ನೇ ಶತಮಾನದಲ್ಲಿ ಪುರಂದರದಾಸರು ಇಲ್ಲಿ ಕುಳಿತು ಹಾಡುತ್ತಿದ್ದರೆಂಬುದು ಪರಂಪರೆಯ ನಂಬಿಕೆ.

ದಾಸರ ಕೀರ್ತನೆಗಳಲ್ಲಿ ಗುಮ್ಮನ ಹಾಡನ್ನು ಕೇಳದ ಕನ್ನಡಿಗರು ವಿರಳ. ತಾಯಿ ಯಶೋದೆ ಗುಮ್ಮನನ್ನು ಕರೆಯುತ್ತೇನೆಂದು ಹೆದರಿಸಿದ್ದಾಳೆ. ಹೆದರಿದ ಕೃಷ್ಣ ಒಂದೊಂದಾಗಿ ಮಾತು ಕೊಡುತ್ತಾನೆ. ಮೊಲೆಹಾಲು ಬೇಡುವುದಿಲ್ಲ, ಅನ್ನ ಉಣ್ಣುತ್ತೇನೆ, ಅಳುವುದಿಲ್ಲ, ಬೇರೆ ಮಕ್ಕಳನ್ನು ಹೊಡೆಯುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬಾವಿಯ ಕಡೆ ಹೋಗುವುದಿಲ್ಲ, ಹಾವಿನೊಡನೆ ಆಡುವುದಿಲ್ಲ ಎನ್ನುತ್ತಾನೆ.

ಭಕ್ತಿಯ ಮಾತನ್ನು ಒಂದು ಗಳಿಗೆ ಬದಿಗಿಟ್ಟು ನೋಡಿದರೆ, ಇದು ಎರಡು ವರ್ಷದ ಆಸುಪಾಸಿನ ಮಗುವನ್ನು ಸಾಕುವ ತಾಯಿಯ ಚಿಂತೆಗಳ ಪಟ್ಟಿ. ಹಾಲು ಬಿಡಿಸಬೇಕು, ಊಟ ಮಾಡಿಸಬೇಕು, ರಚ್ಚೆ ನಿಲ್ಲಿಸಬೇಕು, ಕಾಲು ಬಂದ ಮಗುವನ್ನು ಅಪಾಯದಿಂದ ದೂರವಿಡಬೇಕು. ಹೊಸಪೇಟೆಯ ಓಣಿಗಳಲ್ಲಿ, ಕಂಪ್ಲಿಯ ಗದ್ದೆ ಬದಿಯ ಮನೆಗಳಲ್ಲಿ, ಸಂಡೂರಿನ ತಾಂಡಾಗಳಲ್ಲಿ ಇಂದಿನ ತಾಯಂದಿರು ಪಕ್ಕದ ಮನೆಯವರೊಡನೆ ಹೇಳಿಕೊಳ್ಳುವುದೂ ಇವೇ ಮಾತುಗಳನ್ನು. ಚಿಂತೆಯ ಪಟ್ಟಿ ಹೆಚ್ಚು ಬದಲಾಗಿಲ್ಲ. ಅದಕ್ಕೆ ಉತ್ತರ ಹೇಳುವವರು ಮಾತ್ರ ಕಾಲಕಾಲಕ್ಕೆ ಬದಲಾಗಿದ್ದಾರೆ.

ಈ ನೆಲಕ್ಕೆ ಕೂಸಿನ ನಂಟು ಹಳೆಯದು. ಕೃಷ್ಣದೇವರಾಯ 1514ರಲ್ಲಿ ಗಜಪತಿಗಳಿಂದ ಉದಯಗಿರಿ ಕೋಟೆಯನ್ನು ಗೆದ್ದಾಗ ಅಲ್ಲಿಂದ ತಂದದ್ದು ಬಾಲಕೃಷ್ಣನ ವಿಗ್ರಹ. ಅದಕ್ಕಾಗಿಯೇ ಹಂಪಿಯಲ್ಲಿ ಕೃಷ್ಣ ದೇವಾಲಯ ಕಟ್ಟಿಸಿ ಪ್ರತಿಷ್ಠಾಪಿಸಿದ ಸಂಗತಿಯನ್ನು 1515ರ ಶಾಸನ ತಿಳಿಸುತ್ತದೆ. ಆ ವಿಗ್ರಹ ಈಗ ಚೆನ್ನೈನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಹಂಪಿಯ ಕಂಬಗಳ ಮೇಲೆ ಬೆಣ್ಣೆ ಹಿಡಿದು ಅಂಬೆಗಾಲಿಡುವ ಕೃಷ್ಣ ಈಗಲೂ ಕಾಣಸಿಗುತ್ತಾನೆ. ಸಂಡೂರಿನ ಬೆಟ್ಟದ ಕುಮಾರಸ್ವಾಮಿಯ ಐತಿಹ್ಯವೂ ಮಗುವಿನ ಮುನಿಸಿನದೇ. ತಾಯಿಯ ಮೇಲೆ ಸಿಟ್ಟಾದ ಕುಮಾರ ಕುಡಿದ ಎದೆಹಾಲನ್ನು ಕಕ್ಕಿದ, ಅದೇ ಬೆಟ್ಟದಲ್ಲಿ ಸಿಗುವ ಬಿಳಿಯ ವಿಭೂತಿಯಾಯಿತು ಎಂದು ಜನ ಹೇಳುತ್ತಾರೆ.

ನಡುವೆ ಉಳಿದ ವಯಸ್ಸು

ನಮ್ಮ ಸಮಾಜ ಬಾಣಂತಿಗೂ ಹಸುಗೂಸಿಗೂ ಒಂದು ಕಟ್ಟುಪಾಡನ್ನು ಮಾಡಿಟ್ಟಿತ್ತು. ತವರಿನಲ್ಲಿ ಬಾಣಂತನ, ಎಣ್ಣೆ ನೀರು, ಸೂಲಗಿತ್ತಿಯ ಆರೈಕೆ, ತೊಟ್ಟಿಲಿಗೆ ಹಾಕುವ ಶಾಸ್ತ್ರ, ನಾಮಕರಣ, ಅನ್ನಪ್ರಾಶನ, ಜವಳ ಎಂದು ಮೊದಲ ವರ್ಷದುದ್ದಕ್ಕೂ ಹತ್ತಾರು ಕೈಗಳು ಜೊತೆಗಿರುತ್ತಿದ್ದವು. ಸೂಲಗಿತ್ತಿಯರ ಕೆಲಸ ಎಷ್ಟು ದೊಡ್ಡದೆಂಬುದು ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡಿಗೆಲ್ಲ ತಿಳಿಯಿತು. ಅವರು ಮಾಡಿಸಿದ ಹೆರಿಗೆಗಳು 15 ಸಾವಿರಕ್ಕೂ ಹೆಚ್ಚು.

ಆದರೆ ಮಗು ನಡೆಯತೊಡಗಿದ ಮೇಲೆ ಈ ಏರ್ಪಾಡು ಮುಗಿಯುತ್ತಿತ್ತು. ತಾಯಿ ಅಷ್ಟರಲ್ಲಿ ಗಂಡನ ಮನೆಗೆ ಮರಳಿ ಹೊಲ ಗದ್ದೆಯ ಕೆಲಸಕ್ಕೆ ಇಳಿದಿರುತ್ತಿದ್ದಳು. ಒಂದರಿಂದ ಮೂರು ವರ್ಷದವರೆಗಿನ ಮಗುವಿಗೆ ಬಾಣಂತನವೂ ಇಲ್ಲ, ಶಾಲೆಯೂ ಇಲ್ಲ. ಅದು ಬೆಳೆಯುತ್ತಿದ್ದುದು ಅಜ್ಜಿಯ ಕಣ್ಣಳತೆಯಲ್ಲಿ, ಅಕ್ಕಂದಿರ ಕಂಕುಳಲ್ಲಿ, ನೆರೆಹೊರೆಯ ಅಂಗಳದಲ್ಲಿ. ಬುದ್ಧಿಮಾತು ಸಿಗುತ್ತಿದ್ದ ಜಾಗಗಳೂ ಇವೇ. ಜಗಲಿಕಟ್ಟೆ, ಬಾವಿಯ ಸುತ್ತ, ಹೊಳೆ ಕಾಲುವೆಗಳ ಬಟ್ಟೆ ಒಗೆಯುವ ಕಲ್ಲು.

ಆ ಬುದ್ಧಿಮಾತಿನಲ್ಲಿ ಕಾಳೂ ಇತ್ತು, ಜಳ್ಳೂ ಇತ್ತು. ವಿಜಯನಗರದ ಅರಸರ ಕಾಲದ ಕಾಲುವೆಗಳು ಹರಿಯುವ ಹೊಸಪೇಟೆ, ಕಂಪ್ಲಿಯ ಬಯಲಿನಲ್ಲಿ ಭತ್ತ, ಬಾಳೆ ಬೆಳೆಯುತ್ತವೆ. ಮೇಲಿನ ಒಣಭೂಮಿಯಲ್ಲಿ ಜೋಳ, ನವಣೆ. ಮಗುವಿನ ಮೊದಲ ಊಟವೂ ಅದಕ್ಕೆ ತಕ್ಕಂತೆ. ಒಂದು ಕಡೆ ನುರಿದ ಅನ್ನ, ಬಾಳೆಹಣ್ಣು, ಇನ್ನೊಂದು ಕಡೆ ಜೋಳದ ಗಂಜಿ. ಮನೆಯಲ್ಲಿ ಬೆಳೆದದ್ದನ್ನು ಮೆತ್ತಗೆ ಮಾಡಿ, ಬೇಳೆಕಟ್ಟು ಸೇರಿಸಿ ಸ್ವಲ್ಪ ಸ್ವಲ್ಪವಾಗಿ ತಿನ್ನಿಸುವ ಅಜ್ಜಿಯ ಕ್ರಮವನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಹಾಲು ಬಿಡಿಸಲು ಎದೆಗೆ ಬೇವಿನ ರಸ ಹಚ್ಚಿ ಒಂದೇ ದಿನಕ್ಕೆ ನಿಲ್ಲಿಸುವ ಪದ್ಧತಿಯನ್ನು ಮಾತ್ರ ಅವರು ಒಪ್ಪುವುದಿಲ್ಲ. ಎರಡು ವರ್ಷ ಮತ್ತು ಅದಕ್ಕೂ ಮೀರಿ ಊಟದ ಜೊತೆಗೆ ಎದೆಹಾಲು ಕೊಡಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಭೇದಿಯ ವಿಷಯದಲ್ಲಿ ಜಳ್ಳು ಜೀವಕ್ಕೇ ಎರವಾಗುತ್ತಿತ್ತು. ಹೊಟ್ಟೆ ಕೆಟ್ಟ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ನೀರನ್ನೇ ನಿಲ್ಲಿಸುವವರಿದ್ದರು. ಸಾವು ಬರುತ್ತಿದ್ದುದು ದೇಹದ ನೀರು ಬತ್ತಿ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಶೇ 30ರಷ್ಟಿದ್ದ ಕಾಲರಾ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಲೆಕ್ಕ ಅನಂತರ ಹಳ್ಳಿಹಳ್ಳಿಗೂ ಬಂತು. ವಿಶೇಷವೆಂದರೆ, ಉಪ್ಪು ಹಾಕಿದ ಗಂಜಿತಿಳಿ ಕುಡಿಸುತ್ತಿದ್ದ ಅಜ್ಜಿಯರು ಇದೇ ದಾರಿಯಲ್ಲಿದ್ದರು.

ದಡಾರವನ್ನು 'ಅಮ್ಮ' ಎಂದು ಕರೆದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ ರೂಢಿಯೂ ಹೀಗೆಯೇ. ಮಗುವನ್ನು ಬೇರೆಯವರಿಂದ ದೂರವಿಟ್ಟದ್ದು ಜಾಣತನ. ಔಷಧಿ ತಾಗಿಸಬಾರದೆಂದದ್ದು ಅಪಾಯ. ಈಗ ಒಂಬತ್ತು ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳ ನಡುವೆ ಎರಡು ಸಲ ದಡಾರ–ರುಬೆಲ್ಲಾ ಲಸಿಕೆ ಹಾಕಿಸಬೇಕು. ಮಗು ನಡೆದಾಡತೊಡಗಿದ ಮೇಲೆ ತಾಯಂದಿರು ಎರಡನೆಯದನ್ನು ಮರೆಯುವುದುಂಟು.

ಅಣೆಕಟ್ಟೆ ಮತ್ತು ಗಣಿ

ಅಂಗಳದ ಈ ಸರಪಳಿ ಕಡಿಯತೊಡಗಿದ್ದು ಜನ ಊರು ಬಿಟ್ಟಾಗ. 1945ರ ಫೆಬ್ರುವರಿಯಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿ 54 ಸಾವಿರ ಜನ ನೆಲೆ ಬದಲಿಸಿದರು. ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಕಟ್ಟೆ ಕೆಲಸಕ್ಕೆ ಹಲವು ಸೀಮೆಗಳ, ಹಲವು ಭಾಷೆಗಳ ಜನ ಹೊಸಪೇಟೆಗೆ ಬಂದು ನಿಂತರು. ಪರಿಹಾರದ ಲೆಕ್ಕದಲ್ಲಿ ಹೊಲ, ಮನೆ, ಮರ ಸೇರುತ್ತವೆ. ಮಗುವನ್ನು ಒಂದು ಗಳಿಗೆ ನೋಡಿಕೊಳ್ಳಿ ಎಂದು ಬಿಟ್ಟು ಹೋಗಬಹುದಾದ ನೆರೆಮನೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಸಂಡೂರಿನದು ಇನ್ನೊಂದು ಬಗೆ. 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಇಲ್ಲಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ತುಂಬಿದೆ. ಗಣಿ ಕೆಲಸದಲ್ಲಿ ಹೆಣ್ಣಾಳುಗಳೂ ಇದ್ದರು. ಅದಿರು ಒಡೆಯುವ, ಹೊರುವ ತಾಯಿ ಮಗುವನ್ನು ಎಲ್ಲಿ ಬಿಡಬೇಕು? ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿ ಹಸುಗೂಸಿಗೆ ಸಾಕು. ನಡೆಯಲು ಕಲಿತ ಮಗು ಜೋಲಿಯಲ್ಲಿ ನಿಲ್ಲುವುದಿಲ್ಲ. ದಾಸರು ಹಾಡಿದ ಬಾವಿಯ ಜಾಗದಲ್ಲಿ ಇಲ್ಲಿ ಗಣಿಯ ಗುಂಡಿ, ಲಾರಿಯ ದಾರಿ.

ಕಾನೂನಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಹೆಂಗಸರು ದುಡಿಯುವ ಗಣಿಗಳಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಮೀಸಲಿಡಲು 1952ರ ಗಣಿ ಕಾಯ್ದೆ ಅವಕಾಶ ಮಾಡಿತ್ತು. 1966ರಲ್ಲಿ ಗಣಿ ಶಿಶುಗೃಹಗಳಿಗಾಗಿಯೇ ನಿಯಮಗಳು ಬಂದವು. ಕಟ್ಟಡ ಕೂಲಿಕಾರರ ಮಕ್ಕಳಿಗಾಗಿ ದೆಹಲಿಯಲ್ಲಿ ಮೀರಾ ಮಹಾದೇವನ್ ಅವರು ಸಂಚಾರಿ ಶಿಶುಗೃಹ ಆರಂಭಿಸಿದ್ದು 1969ರಲ್ಲಿ. ಆದರೆ ನಿಯಮದ ನೆರಳು ಬೀಳುವುದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ಮೇಲೆ. ಗುತ್ತಿಗೆಯ ಕೂಲಿಗೆ, ಕಬ್ಬು ಕಡಿಯಲು ದೂರದ ಜಿಲ್ಲೆಗಳಿಗೆ ಗುಳೆ ಹೋಗುವ ತಾಂಡಾದ ಹೆಣ್ಣುಮಕ್ಕಳಿಗೆ ಅದರ ಪ್ರಯೋಜನ ದಕ್ಕುವುದು ಕಷ್ಟ.

ಮತ್ತೆ ಅಂಗಳಕ್ಕೆ

ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳವಿದೆ. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಡ ಮಕ್ಕಳಿಗಾಗಿ ಆರಂಭಿಸಿದ ಬಾಲಶಿಕ್ಷಣದ ಪ್ರಯೋಗ ಈ ಕಲ್ಪನೆಗೆ ದಾರಿ ತೋರಿತು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ.

ಪೌಷ್ಟಿಕ ಆಹಾರ, ಲಸಿಕೆ, ತಪಾಸಣೆಗಳ ಜೊತೆಗೆ ತಾಯಂದಿರಿಗೆ ತಿಳಿವಳಿಕೆ ನೀಡುವುದೂ ಯೋಜನೆಯ ಆರು ಸೇವೆಗಳಲ್ಲಿ ಒಂದು. ಕಾರ್ಯಕರ್ತೆ ಸಾಮಾನ್ಯವಾಗಿ ಅದೇ ಊರಿನ ಹೆಣ್ಣುಮಗಳು. ಅವಳು ಕರೆಯುವ ತಾಯಂದಿರ ಸಭೆ ಹಳೆಯ ಜಗಲಿಕಟ್ಟೆಯ ಹೊಸ ರೂಪ. ವ್ಯತ್ಯಾಸವೆಂದರೆ ಇಲ್ಲಿ ತಕ್ಕಡಿಯೂ ತೋಳಿನ ಅಳತೆಪಟ್ಟಿಯೂ ಇವೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದರ್ಥ. 'ನಮ್ಮ ಮಗು ಸ್ವಲ್ಪ ಸಣ್ಣ, ಅಷ್ಟೇ' ಎಂಬ ಮಾತಿಗೆ ಆ ಪಟ್ಟಿ ಉತ್ತರ ಹೇಳುತ್ತದೆ.

ಆದರೂ ಆ ನಡುವಿನ ವಯಸ್ಸಿನ ತೊಡಕು ಪೂರ್ತಿ ಬಿಡಿಸಿಲ್ಲ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ. 2018ರಲ್ಲಿ ರೂಪಿಸಿದ ಕ್ರಮದಂತೆ ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಮೂರು ತಿಂಗಳಿಗೊಮ್ಮೆ ಮನೆಗೆ ಬರುತ್ತಾಳೆ. ಕೊನೆಯ ಭೇಟಿ 15ನೇ ತಿಂಗಳಿಗೆ. ಮಗು ಓಡಾಡಿ ಮಣ್ಣು ಬಾಯಿಗೆ ಹಾಕತೊಡಗುವುದು ಸರಿಯಾಗಿ ಆ ಹೊತ್ತಿಗೆ.

ಮಣ್ಣು ತಿನ್ನುವುದು ತುಂಟತನ ಮಾತ್ರವಲ್ಲ, ಕೆಲವೊಮ್ಮೆ ರಕ್ತಹೀನತೆಯ ಸೂಚನೆ ಎನ್ನುತ್ತಾರೆ ವೈದ್ಯರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ಕಬ್ಬಿಣದ ಬೆಟ್ಟಗಳನ್ನೇ ಹೊತ್ತ ನಾಡಿನ ಮಕ್ಕಳ ರಕ್ತದಲ್ಲಿ ಕಬ್ಬಿಣದ ಕೊರತೆ. 2015ರಿಂದ ನಡೆಯುತ್ತಿರುವ ಜಂತುಹುಳು ನಿವಾರಣಾ ದಿನದಂದು ಒಂದು ವರ್ಷ ದಾಟಿದ ಮಕ್ಕಳಿಗೂ ಮಾತ್ರೆ ಕೊಡುವುದು ಇದಕ್ಕೆ ಒಂದು ಮದ್ದು. ಸೊಪ್ಪು, ಬೇಳೆ, ಮೊಟ್ಟೆ ತಟ್ಟೆಗೆ ಬರುವುದು ಇನ್ನೊಂದು.

ಈ ವಯಸ್ಸನ್ನೇ ಗಮನದಲ್ಲಿಟ್ಟು ರಾಜ್ಯ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಯೋಜನೆ ಪ್ರಕಟಿಸಿತು. 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರ ತೆರೆಯುವುದು ಅದರ ಉದ್ದೇಶ. ಕೂಲಿಗೆ ಹೋಗುವ ತಾಯಂದಿರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳುವ ಹೊಣೆ ವಹಿಸುವ ಈ ಏರ್ಪಾಡು ಹೊಸದೇನಲ್ಲ. ಕೆಲಸದ ಜಾಗದಲ್ಲಿ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಣ್ಣಾಳನ್ನು ನೇಮಿಸಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆಯೇ ಹೇಳಿತ್ತು. ಅದಕ್ಕೂ ಎಷ್ಟೋ ಮೊದಲು ಅಂಗಳದಲ್ಲಿ ಕುಳಿತ ಅಜ್ಜಿ ಕೂಲಿಯಿಲ್ಲದೆ ಅದೇ ಕೆಲಸ ಮಾಡುತ್ತಿದ್ದಳು.

ಮಗು ಸಾಕುವುದು ತಾಯಿಯೊಬ್ಬಳ ಕೆಲಸ ಎಂಬ ಮಾತು ಈ ಸೀಮೆಯ ಚರಿತ್ರೆಗೆ ಹೊಂದುವುದಿಲ್ಲ. ದಾಸರ ಹಾಡುಗಳಲ್ಲೂ ಯಶೋದೆ ಒಂಟಿಯಲ್ಲ. ದೂರು ಹೇಳಲಾದರೂ ಗೋಕುಲದ ಹೆಂಗಸರು ಬಾಗಿಲಿಗೆ ಬರುತ್ತಾರೆ. ಇಂದಿನ ಕೂಲಿಕಾರ್ತಿ ತಾಯಿಗೆ ಬೇಕಾದದ್ದೂ ಹಾಗೆ ಬಾಗಿಲಿಗೆ ಬರುವ ಒಬ್ಬರು, ಕೆಲಸ ಮುಗಿಯುವವರೆಗೆ ಮಗುವನ್ನು ಬಾವಿಯ ಕಡೆ ಬಿಡದ ಒಂದು ಅಂಗಳ.