ಕರು ಹಾಕಿದ ಹಸುವಿನಲ್ಲಿ ಕಾಫಿ ಬಣ್ಣದ ಮೂತ್ರ

ಕರು ಹಾಕಿದ 2ರಿಂದ 4 ವಾರಗಳಲ್ಲಿ, ಹೆಚ್ಚು ಹಾಲು ಕೊಡುವ ಹಸು ಅಥವಾ ಎಮ್ಮೆಯ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆಯನ್ನು ಶಂಕಿಸಬೇಕು. ಕೆಂಪು ರಕ್ತಕಣಗಳು ಒಡೆಯುವುದರಿಂದ ಒಸಡು ಬಿಳಿಚಿಕೊಳ್ಳುತ್ತದೆ, ಹಾಲು ಹಠಾತ್ತನೆ ಇಳಿಯುತ್ತದೆ. ಚಿಕಿತ್ಸೆ ತಡವಾದರೆ ರಾಸು ಕೆಲವೇ ದಿನಗಳಲ್ಲಿ ಸಾಯಬಹುದು. ಉಣ್ಣೆಗಳಿಂದ ಹರಡುವ ಬೆಬೀಸಿಯಾ ರೋಗದಲ್ಲಿಯೂ ಮೂತ್ರ ಕೆಂಪಾಗುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ತೀವ್ರ ಜ್ವರವಿರುತ್ತದೆ. ಚಿಕಿತ್ಸೆ ಬೇರೆಯಾದ್ದರಿಂದ ರಕ್ತಪರೀಕ್ಷೆ ಅಗತ್ಯ.

ಕಾರ್ಕಳ, ಕಾಪು ಭಾಗದ ಆಮ್ಲೀಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಡುತ್ತವೆ. ಬೈಹುಲ್ಲಿನಲ್ಲಂತೂ ಅದು ಮೊದಲೇ ಕಡಿಮೆ. ಆದುದರಿಂದ ಗಬ್ಬದ ಕೊನೆಯ ತಿಂಗಳುಗಳಿಂದಲೇ ಗೋಧಿ ಬೂಸಾ ಹಾಗೂ ಖನಿಜ ಮಿಶ್ರಣ ನೀಡಬೇಕು. ಬರೀ ಕ್ಯಾಲ್ಸಿಯಂ ಕುಡಿಸಿದರೆ ಸಾಲದು.

ಪಶುವೈದ್ಯರು ಸೋಡಿಯಂ ಆಸಿಡ್ ಫಾಸ್ಫೇಟನ್ನು ರಕ್ತನಾಳದ ಮೂಲಕ ನೀಡುತ್ತಾರೆ. ಮೂತ್ರದ ಬಣ್ಣ ಬದಲಾದ ದಿನವೇ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿರಿ.