ಸರ್ವರ್ ಅಪ್‌ಡೇಟ್: ತೇಪೆ ಬಂದರೆ ಸಾಲದು, ಹಾಕಬೇಕು

ಜಾಲತಾಣವೊಂದನ್ನು ಆರಂಭಿಸುವುದು ಇಂದು ಕಷ್ಟದ ಕೆಲಸವಲ್ಲ. ಹೆಸರು ನೋಂದಾಯಿಸಿ, ಹೋಸ್ಟಿಂಗ್ ಸಂಸ್ಥೆಗೆ ವಾರ್ಷಿಕ ಶುಲ್ಕ ಪಾವತಿಸಿದರೆ ಅಂಗಡಿ, ಶಾಲೆ, ಸಹಕಾರ ಸಂಘ, ಪತ್ರಿಕೆ ಹೀಗೆ ಯಾವುದಾದರೂ ಅಂತರ್ಜಾಲದಲ್ಲಿ ನೆಲೆ ಕಂಡುಕೊಳ್ಳಬಹುದು. ಆದರೆ ಆ ತಾಣ ನಿಂತಿರುವ ಸರ್ವರ್‌ನ ತಂತ್ರಾಂಶಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತಿವೆಯೇ, ಆ ಕೆಲಸ ಯಾರ ಹೊಣೆ ಎಂದು ವಿಚಾರಿಸುವ ಮಾಲೀಕರು ವಿರಳ. ದಾಳಿ ನಡೆದು ಗ್ರಾಹಕರ ವಿವರಗಳು ಸೋರಿಹೋದ ಬಳಿಕವೇ ಈ ಪ್ರಶ್ನೆ ಏಳುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಂಥ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

ಯಾರಿಗೂ ತಿಳಿಯದ ಲೋಪವನ್ನು ಹುಡುಕಿ ಒಳನುಗ್ಗುವ ಚತುರರೇ ದಾಳಿಕೋರರು ಎಂಬ ಭಾವನೆ ಜನಸಾಮಾನ್ಯರಲ್ಲಿದೆ. ಹಲವು ದೊಡ್ಡ ಪ್ರಕರಣಗಳು ಬೇರೆಯದೇ ಕಥೆ ಹೇಳುತ್ತವೆ. ಅಲ್ಲಿ ಲೋಪ ಬಹಿರಂಗವಾಗಿತ್ತು, ಅದನ್ನು ಮುಚ್ಚುವ ತೇಪೆಯೂ ಉಚಿತವಾಗಿ ದೊರೆಯುತ್ತಿತ್ತು. ಅದನ್ನು ಹಾಕುವ ಕೆಲಸ ಮಾತ್ರ ಬಾಕಿ ಉಳಿದಿತ್ತು.

ಪ್ಯಾಕೇಜ್ ಎಂದರೇನು?

ಸರ್ವರ್ ಎಂಬುದು ಒಂದೇ ತಂತ್ರಾಂಶದಿಂದ ನಡೆಯುವ ಯಂತ್ರವಲ್ಲ. ತಳದಲ್ಲಿ ಆಪರೇಟಿಂಗ್ ಸಿಸ್ಟಂ ಇರುತ್ತದೆ. ಹೋಸ್ಟಿಂಗ್ ಕ್ಷೇತ್ರದಲ್ಲಿ ಇದು ಬಹುಪಾಲು ಲಿನಕ್ಸ್. ಅದರ ಹೃದಯಭಾಗಕ್ಕೆ ಕರ್ನಲ್ ಎಂದು ಹೆಸರು. ಅದರ ಮೇಲೆ ಪುಟಗಳನ್ನು ಬಡಿಸುವ ಅಪಾಚೆ ಅಥವಾ ಎಂಜಿನ್‌ಎಕ್ಸ್, ಪುಟಗಳನ್ನು ಸಿದ್ಧಪಡಿಸುವ ಪಿಎಚ್‌ಪಿ, ಮಾಹಿತಿ ಶೇಖರಿಸುವ ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ, ಸಂವಹನವನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್, ಅಂಚೆ ಸಾಗಿಸುವ ತಂತ್ರಾಂಶ ಹೀಗೆ ನೂರಾರು ಭಾಗಗಳಿರುತ್ತವೆ. ಇಂಥ ಒಂದೊಂದು ಭಾಗವನ್ನೂ ಕಟ್ಟಿಕೊಡುವ ಪೊಟ್ಟಣಕ್ಕೆ ಪ್ಯಾಕೇಜ್ ಎನ್ನುತ್ತಾರೆ.

ರೆಡ್ ಹ್ಯಾಟ್ ಮನೆತನದ ಲಿನಕ್ಸ್‌ಗಳು ಆರ್‌ಪಿಎಂ ಮಾದರಿಯ ಪೊಟ್ಟಣಗಳನ್ನೂ, ಡೆಬಿಯನ್ ಹಾಗೂ ಉಬುಂಟು ಡೆಬ್ ಮಾದರಿಯ ಪೊಟ್ಟಣಗಳನ್ನೂ ಬಳಸುತ್ತವೆ. ಇವುಗಳನ್ನು ತಯಾರಕರ ಭಂಡಾರದಿಂದ ತಂದು ಅಳವಡಿಸಲು ಮೊದಲ ಗುಂಪಿನಲ್ಲಿ ಯಮ್ ಮತ್ತು ಅದರ ಉತ್ತರಾಧಿಕಾರಿ ಡಿಎನ್‌ಎಫ್, ಎರಡನೆಯದರಲ್ಲಿ ಆಪ್ಟ್ ಎಂಬ ಸಾಧನಗಳಿವೆ. ಒಂದು ಪೊಟ್ಟಣಕ್ಕೆ ಇನ್ನಾವುದು ಬೇಕು ಎಂಬುದನ್ನು ಇವು ತಾವೇ ಲೆಕ್ಕಹಾಕುತ್ತವೆ. ದಾರಿಯಲ್ಲಿ ಯಾರೂ ಪೊಟ್ಟಣವನ್ನು ಬದಲಿಸಿಲ್ಲ ಎಂಬುದನ್ನು ಡಿಜಿಟಲ್ ಸಹಿಯ ಮೂಲಕ ಪರಿಶೀಲಿಸುತ್ತವೆ. ಸಹಿ ಹೊಂದಾಣಿಕೆಯಾಗುತ್ತಿಲ್ಲ ಎಂದು ಸಾಧನವು ಎಚ್ಚರಿಸಿದಾಗ ಆ ತಪಾಸಣೆಯನ್ನೇ ನಿಲ್ಲಿಸಿ ಮುಂದುವರಿಯುವುದು ಅಪಾಯಕರ.

ಹಳೆಯ ಸಂಖ್ಯೆ, ಹೊಸ ತೇಪೆ

ಮೊಬೈಲ್ ಬಳಕೆದಾರರಿಗೆ ಅಪ್‌ಡೇಟ್ ಎಂದರೆ ಹೊಸ ಆವೃತ್ತಿ, ಹೊಸ ಸೌಲಭ್ಯ. ಸರ್ವರ್ ಲೋಕದ ಕ್ರಮ ಬೇರೆ. ಅಲ್ಲಿ ಸ್ಥಿರತೆಗೆ ಮೊದಲ ಮಣೆ. ಹೊಸ ಆವೃತ್ತಿ ತಂದರೆ ಅದರ ಮೇಲೆ ನಡೆಯುತ್ತಿರುವ ತಾಣಗಳು ಮುರಿದುಬೀಳಬಹುದು. ಆದ್ದರಿಂದ ತಯಾರಕರು ಹೊಸ ಆವೃತ್ತಿಯಲ್ಲಿರುವ ಭದ್ರತಾ ತಿದ್ದುಪಡಿಯನ್ನು ಮಾತ್ರ ಆರಿಸಿ ಹಳೆಯ ಆವೃತ್ತಿಗೆ ಹೊಲಿಯುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟಿಂಗ್ ಎಂದು ಹೆಸರು.

ಇದರಿಂದ ಗೊಂದಲವೂ ಹುಟ್ಟುತ್ತದೆ. 2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಲೋಪ ಬಹಿರಂಗವಾಯಿತು. ಮೂಲ ತಂಡವು ಅದನ್ನು ಸರಿಪಡಿಸಿದ್ದು 1.0.1ಜಿ ಆವೃತ್ತಿಯಲ್ಲಿ. ಆದರೆ ರೆಡ್ ಹ್ಯಾಟ್ ಮತ್ತು ಅದನ್ನೇ ಅನುಸರಿಸುತ್ತಿದ್ದ ಸೆಂಟ್‌ಓಎಸ್, ತಮ್ಮಲ್ಲಿದ್ದ 1.0.1ಇ ಆವೃತ್ತಿಗೇ ತೇಪೆ ಹಾಕಿದವು. ಪರದೆಯ ಮೇಲೆ ಹಳೆಯ ಸಂಖ್ಯೆಯೇ ಕಂಡಿತು, ಲೋಪ ಮಾತ್ರ ಮುಚ್ಚಿಹೋಗಿತ್ತು. ಹೀಗಾಗಿ ಆವೃತ್ತಿ ಸಂಖ್ಯೆಯೊಂದನ್ನೇ ನೋಡಿ ಸರ್ವರ್ ಸುರಕ್ಷಿತ ಅಥವಾ ಅಸುರಕ್ಷಿತ ಎಂದು ತೀರ್ಮಾನಿಸುವುದು ಸರಿಯಲ್ಲ. ಪ್ರತಿಯೊಂದು ಲೋಪಕ್ಕೂ ಸಿವಿಇ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಪೊಟ್ಟಣದ ಬದಲಾವಣೆ ಪಟ್ಟಿಯಲ್ಲಿ ಆ ಸಂಖ್ಯೆ ಇದೆಯೇ ಎಂದು ನೋಡುವುದು ನಂಬಲರ್ಹ ವಿಧಾನ.

ನಡುವಣ ದಿನಗಳೇ ಅಪಾಯದ ದಿನಗಳು

ಹಾರ್ಟ್‌ಬ್ಲೀಡ್ ಲೋಪವು 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ 1.0.1 ಆವೃತ್ತಿಯಿಂದಲೂ ಇತ್ತು. ಅದನ್ನು ಬಳಸಿ ದಾಳಿಕೋರರು ಸರ್ವರ್‌ನ ಸ್ಮೃತಿಯಿಂದ ಒಂದು ಬಾರಿಗೆ 64 ಕಿಲೋಬೈಟ್‌ನಷ್ಟು ಮಾಹಿತಿಯನ್ನು ಕದಿಯಬಹುದಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗೂಢಲಿಪಿಯ ಗುಪ್ತ ಕೀಲಿಯೂ ಇರಬಹುದು. ಲೋಪ ಬಹಿರಂಗವಾದ ಬೆನ್ನಲ್ಲೇ ಕೆನಡಾದ ಕಂದಾಯ ಇಲಾಖೆಯ ತಾಣದಿಂದ ಸುಮಾರು 900 ತೆರಿಗೆದಾರರ ಗುರುತಿನ ಸಂಖ್ಯೆಗಳು ಕಳವಾದವು. ಅಲ್ಲಿ ಗಂಟೆಗಳೂ ಲೆಕ್ಕಕ್ಕೆ ಬಂದಿದ್ದವು.

ಅಮೆರಿಕದ ಸಾಲ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನ ಪ್ರಕರಣದಲ್ಲಿ ಸಮಯದ ಅಭಾವವಿರಲಿಲ್ಲ. ಆ ಸಂಸ್ಥೆಯ ತಾಣ ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ಲೋಪಕ್ಕೆ 2017ರ ಮಾರ್ಚ್ 7ರಂದೇ ತೇಪೆ ಪ್ರಕಟವಾಗಿತ್ತು. ದಾಳಿಕೋರರು ಮೇ ತಿಂಗಳಲ್ಲಿ ಅದೇ ಬಾಗಿಲಿನಿಂದ ಒಳಹೊಕ್ಕು ಮಾಹಿತಿ ದೋಚತೊಡಗಿದರು. ಜುಲೈ ಅಂತ್ಯದವರೆಗೂ ಅದು ಯಾರ ಗಮನಕ್ಕೂ ಬರಲಿಲ್ಲ. ಸುಮಾರು 14.7 ಕೋಟಿ ಜನರ ವಿವರಗಳು ಸೋರಿಹೋದವು. 2019ರಲ್ಲಿ ಸಂಸ್ಥೆಯು ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಿ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು.

ತೇಪೆ ಪ್ರಕಟವಾದ ಕ್ಷಣವೇ ಲೋಪದ ವಿವರವೂ ಜಗಜ್ಜಾಹೀರಾಗುತ್ತದೆ. ಬೀಗ ತಯಾರಕರು ಹೊಸ ಬೀಗ ಕಳುಹಿಸುವಾಗ ಹಳೆಯದು ಹೇಗೆ ತೆರೆಯುತ್ತದೆ ಎಂಬುದನ್ನೂ ಊರಿಗೆಲ್ಲ ಸಾರಿದಂತೆ. ಹೊಸ ಬೀಗ ಹಾಕದೆ ಮೇಜಿನ ಮೇಲಿಟ್ಟವರ ಮನೆಗೆ ಅಂದಿನಿಂದಲೇ ಅಪಾಯ ಹೆಚ್ಚು.

ಅಳವಡಿಸಿದ ಮಾತ್ರಕ್ಕೆ ಮುಗಿಯಲಿಲ್ಲ

ಪರಿಷ್ಕೃತ ಪೊಟ್ಟಣವನ್ನು ಅಳವಡಿಸಿದರೂ ಲೋಪ ಉಳಿದುಕೊಳ್ಳುವುದುಂಟು. ಅಪ್‌ಡೇಟ್ ಬದಲಿಸುವುದು ಡಿಸ್ಕ್‌ನಲ್ಲಿರುವ ಕಡತವನ್ನು. ಈಗಾಗಲೇ ನಡೆಯುತ್ತಿರುವ ಅಪಾಚೆ ಅಥವಾ ಅಂಚೆ ತಂತ್ರಾಂಶವು ಹಳೆಯ ಕಡತದ ಪ್ರತಿಯನ್ನು ಸ್ಮೃತಿಯಲ್ಲಿ ಹಿಡಿದುಕೊಂಡೇ ಇರುತ್ತದೆ. ಆ ಸೇವೆಯನ್ನು ಮರುಚಾಲನೆ ಮಾಡಿದಾಗಲೇ ಹೊಸದು ಜಾರಿಗೆ ಬರುವುದು. ಯಾವ ಸೇವೆಗಳಿಗೆ ಮರುಚಾಲನೆ ಬೇಕು ಎಂಬುದನ್ನು ತೋರಿಸಲು ಡೆಬಿಯನ್ ಗುಂಪಿನಲ್ಲಿ ನೀಡ್‌ರೀಸ್ಟಾರ್ಟ್, ರೆಡ್ ಹ್ಯಾಟ್ ಗುಂಪಿನಲ್ಲಿ ನೀಡ್ಸ್ ರೀಸ್ಟಾರ್ಟಿಂಗ್ ಎಂಬ ಸಾಧನಗಳಿವೆ.

ಕರ್ನಲ್ ಬದಲಾದರೆ ಇಡೀ ಸರ್ವರ್ ಮರುಚಾಲನೆಯಾಗಬೇಕು. ಸರ್ವರ್ ಎರಡು ವರ್ಷದಿಂದ ಒಮ್ಮೆಯೂ ನಿಂತಿಲ್ಲ ಎಂದು ಹೆಮ್ಮೆಪಡುವವರಿದ್ದಾರೆ. ಆ ಹೆಮ್ಮೆಯ ಇನ್ನೊಂದು ಅರ್ಥ, ಎರಡು ವರ್ಷ ಹಳೆಯ ಕರ್ನಲ್ ಓಡುತ್ತಿರಬಹುದು ಎಂಬುದು. ನಿಲ್ಲಿಸಲಾಗದ ಕಡೆ, ಓಡುತ್ತಿರುವ ಕರ್ನಲ್‌ಗೇ ತೇಪೆ ಹಾಕುವ ಕೆಪ್ಯಾಚ್, ಲೈವ್‌ಪ್ಯಾಚ್, ಕರ್ನಲ್‌ಕೇರ್ ಮುಂತಾದ ವ್ಯವಸ್ಥೆಗಳಿವೆ. ಇವು ತುರ್ತು ಲೋಪಗಳಿಗೆ ಪರಿಹಾರವೇ ಹೊರತು ಮರುಚಾಲನೆಗೆ ಶಾಶ್ವತ ಪರ್ಯಾಯವಲ್ಲ.

ಆಯುಷ್ಯ ಮುಗಿದ ಸೆಂಟ್‌ಓಎಸ್

ಎಷ್ಟೇ ನಿಷ್ಠೆಯಿಂದ ಅಪ್‌ಡೇಟ್ ಮಾಡುತ್ತಿದ್ದರೂ ಒಂದು ದಿನ ಭಂಡಾರವೇ ಬರಿದಾಗುತ್ತದೆ. ಪ್ರತಿಯೊಂದು ಆಪರೇಟಿಂಗ್ ಸಿಸ್ಟಂಗೂ ಘೋಷಿತ ಆಯುಷ್ಯವಿದೆ. ಹೋಸ್ಟಿಂಗ್ ಕ್ಷೇತ್ರ ಈ ಪಾಠವನ್ನು ಕಲಿತದ್ದು ಸೆಂಟ್‌ಓಎಸ್‌ನಿಂದ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ ಉಚಿತ ಪ್ರತಿರೂಪವಾಗಿ 2004ರಲ್ಲಿ ಹೊರಬಂದ ಸೆಂಟ್‌ಓಎಸ್, ಹೋಸ್ಟಿಂಗ್ ಸಂಸ್ಥೆಗಳ ಅಚ್ಚುಮೆಚ್ಚಿನ ಆಯ್ಕೆಯಾಗಿತ್ತು. ಪ್ರತಿ ಆವೃತ್ತಿಗೂ ಹತ್ತು ವರ್ಷಗಳ ಬೆಂಬಲ ದೊರೆಯುತ್ತದೆ ಎಂಬ ಭರವಸೆಯೇ ಅದಕ್ಕೆ ಮುಖ್ಯ ಕಾರಣ. 2019ರ ಸೆಪ್ಟೆಂಬರ್‌ನಲ್ಲಿ ಬಂದ ಸೆಂಟ್‌ಓಎಸ್ 8, 2029ರವರೆಗೆ ಬಾಳಬೇಕಿತ್ತು. ಆದರೆ 2020ರ ಡಿಸೆಂಬರ್ 8ರಂದು ಹೊರಬಿದ್ದ ಪ್ರಕಟಣೆಯು ಅದರ ಅಂತ್ಯವನ್ನು 2021ರ ಡಿಸೆಂಬರ್ 31ಕ್ಕೆ ನಿಗದಿಪಡಿಸಿತು. ಎಂಟು ವರ್ಷಕ್ಕೆಂದು ಯೋಜನೆ ಹಾಕಿಕೊಂಡಿದ್ದವರಿಗೆ ಉಳಿದದ್ದು ಒಂದೇ ವರ್ಷ. ಹಿಂದಿನ ಸೆಂಟ್‌ಓಎಸ್ 7 ತನ್ನ ಪೂರ್ಣಾವಧಿ ಬಾಳಿ 2024ರ ಜೂನ್ 30ರಂದು ನಿವೃತ್ತಿಯಾಯಿತು.

ಈ ತೆರವನ್ನು ತುಂಬಲು ಎರಡು ಲಿನಕ್ಸ್‌ಗಳು ಬಂದವು. ಕ್ಲೌಡ್‌ಲಿನಕ್ಸ್ ಸಂಸ್ಥೆ ಹುಟ್ಟುಹಾಕಿದ ಆಲ್ಮಾಲಿನಕ್ಸ್ 2021ರ ಮಾರ್ಚ್‌ನಲ್ಲಿ, ಸೆಂಟ್‌ಓಎಸ್‌ನ ಸ್ಥಾಪಕರಲ್ಲೊಬ್ಬರಾದ ಗ್ರೆಗರಿ ಕರ್ಟ್ಜರ್ ಆರಂಭಿಸಿದ ರಾಕಿ ಲಿನಕ್ಸ್ ಅದೇ ವರ್ಷದ ಜೂನ್‌ನಲ್ಲಿ ಬಿಡುಗಡೆಯಾದವು. ಇವೆರಡರ 8ನೇ ಆವೃತ್ತಿಗೆ 2029ರವರೆಗೆ, 9ನೇ ಆವೃತ್ತಿಗೆ 2032ರವರೆಗೆ ಬೆಂಬಲ ಘೋಷಿಸಲಾಗಿದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ.

ಆಯುಷ್ಯ ಮುಗಿದ ದಿನ ಸರ್ವರ್ ನಿಂತುಹೋಗುವುದಿಲ್ಲ. ಮೋಸ ಇರುವುದೇ ಅಲ್ಲಿ. ತಾಣ ಎಂದಿನಂತೆ ತೆರೆಯುತ್ತದೆ, ವ್ಯಾಪಾರ ನಡೆಯುತ್ತದೆ. ಹೊಸ ಲೋಪ ಪತ್ತೆಯಾದಾಗ ಮಾತ್ರ ಅದಕ್ಕೆ ತೇಪೆ ಬರುವುದಿಲ್ಲ. ಪಿಎಚ್‌ಪಿಗೂ ಇದೇ ನಿಯಮ. ಅದರ 5.6 ಆವೃತ್ತಿಯ ಬೆಂಬಲ 2018ರ ಕೊನೆಯಲ್ಲಿ, 7.4ರ ಬೆಂಬಲ 2022ರ ನವೆಂಬರ್‌ನಲ್ಲಿ ಕೊನೆಗೊಂಡಿತು. ಹಳೆಯ ತಾಣಗಳು ಹೊಸ ಪಿಎಚ್‌ಪಿಯಲ್ಲಿ ಕೆಲಸ ಮಾಡದಿರುವ ಸಾಧ್ಯತೆ ಇರುವುದರಿಂದ ಈ ಬದಲಾವಣೆಗೆ ತಾಣ ಕಟ್ಟಿದವರ ನೆರವೂ ಬೇಕಾಗುತ್ತದೆ.

ಅವಸರವೂ ಅಪಾಯವೇ

ಹಾಗೆಂದು ಬಂದದ್ದನ್ನೆಲ್ಲ ಬಂದ ಕೂಡಲೇ ಕಣ್ಣುಮುಚ್ಚಿ ಅಳವಡಿಸುವುದೂ ಜಾಣತನವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಸ್ಥಗಿತಗೊಂಡವು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಪರದಾಡಿದರು. ಅಪ್‌ಡೇಟ್ ಏಕಕಾಲಕ್ಕೆ ಎಲ್ಲ ಗಣಕಗಳಿಗೂ ಹೋದದ್ದೇ ಹಾನಿ ಅಷ್ಟು ವ್ಯಾಪಕವಾಗಲು ಕಾರಣ.

ಅದೇ ವರ್ಷದ ಮಾರ್ಚ್ 29ರಂದು ಇನ್ನೊಂದು ಸಂಗತಿ ಬೆಳಕಿಗೆ ಬಂತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಕಳ್ಳಬಾಗಿಲು ಇಟ್ಟಿದ್ದರು. ಸರ್ವರ್‌ಗೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿದೆಯಲ್ಲ ಎಂದು ಶಂಕಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಹಚ್ಚಿದರು. ಆ ಆವೃತ್ತಿಗಳು ಆಗಿನ್ನೂ ಡೆಬಿಯನ್, ಫೆಡೋರಾದಂಥ ಲಿನಕ್ಸ್‌ಗಳ ಪರೀಕ್ಷಾರ್ಥ ಬಿಡುಗಡೆಗಳನ್ನಷ್ಟೇ ತಲುಪಿದ್ದವು. ಸ್ಥಿರ ಆವೃತ್ತಿಗೆ ಅಂಟಿಕೊಂಡಿದ್ದ ಡೆಬಿಯನ್ ಮತ್ತು ರೆಡ್ ಹ್ಯಾಟ್ ಸರ್ವರ್‌ಗಳು ಬಚಾವಾದವು.

ಆದ್ದರಿಂದ ಭದ್ರತಾ ತೇಪೆ ಮತ್ತು ಹೊಸ ಆವೃತ್ತಿ ಇವೆರಡನ್ನೂ ಬೇರೆಬೇರೆಯಾಗಿ ಕಾಣಬೇಕು. ಮೊದಲನೆಯದಕ್ಕೆ ತ್ವರೆ ಬೇಕು, ಎರಡನೆಯದಕ್ಕೆ ಪರೀಕ್ಷೆ ಬೇಕು. ಉಬುಂಟುವಿನ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್, ರೆಡ್ ಹ್ಯಾಟ್ ಗುಂಪಿನ ಡಿಎನ್‌ಎಫ್ ಆಟೋಮ್ಯಾಟಿಕ್ ಸಾಧನಗಳನ್ನು ಭದ್ರತಾ ತೇಪೆಗಳನ್ನಷ್ಟೇ ತಾನಾಗಿ ಹಾಕುವಂತೆ ಹೊಂದಿಸಬಹುದು. ಉಳಿದವನ್ನು ಬ್ಯಾಕಪ್ ತೆಗೆದು, ಮೊದಲು ಪ್ರಾಯೋಗಿಕ ಸರ್ವರ್ ಒಂದರಲ್ಲಿ ನೋಡಿ, ಸಂದರ್ಶಕರು ಕಡಿಮೆ ಇರುವ ವೇಳೆಯಲ್ಲಿ ಅಳವಡಿಸುವುದು ಕ್ರಮ. ಬ್ಯಾಕಪ್‌ನಿಂದ ತಾಣವನ್ನು ಮರಳಿ ನಿಲ್ಲಿಸಲು ಸಾಧ್ಯವೇ ಎಂಬುದನ್ನೂ ಆಗಾಗ ಪರೀಕ್ಷಿಸಬೇಕು.

ಹೊಣೆ ಯಾರದು?

ಒಂದೇ ಸರ್ವರ್‌ನಲ್ಲಿ ಹಲವರ ತಾಣಗಳಿರುವ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಹಾಗೂ ಪ್ಯಾಕೇಜ್‌ಗಳ ಹೊಣೆ ಹೋಸ್ಟಿಂಗ್ ಸಂಸ್ಥೆಯದು. ವಿಪಿಎಸ್ ಅಥವಾ ಸ್ವಂತ ಸರ್ವರ್ ಪಡೆದವರಲ್ಲಿ, ನಿರ್ವಹಣಾ ಸೇವೆಗೆ ಪ್ರತ್ಯೇಕ ಶುಲ್ಕ ಕಟ್ಟದಿದ್ದರೆ, ಆ ಹೊಣೆ ಗ್ರಾಹಕರ ಹೆಗಲಿಗೇ ಬೀಳುತ್ತದೆ. ಕಡಿಮೆ ದರದ ವಿಪಿಎಸ್ ಕೊಂಡ ಹಲವರಿಗೆ ಇದು ತಿಳಿದಿರುವುದಿಲ್ಲ. ವರ್ಡ್‌ಪ್ರೆಸ್ ಮತ್ತು ಅದರ ಪ್ಲಗಿನ್‌ಗಳಂತೂ ಎರಡೂ ಬಗೆಯಲ್ಲಿ ಸಾಮಾನ್ಯವಾಗಿ ತಾಣದ ಮಾಲೀಕರ ಜವಾಬ್ದಾರಿ. ಆಪರೇಟಿಂಗ್ ಸಿಸ್ಟಂ ಪರಿಷ್ಕರಿಸಿದ ಮಾತ್ರಕ್ಕೆ ಅವು ಪರಿಷ್ಕರಣೆಗೊಳ್ಳುವುದಿಲ್ಲ.

ಭಾರತದಲ್ಲಿ ಕಾನೂನಿನ ಆಯಾಮವೂ ಇದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಸಂಸ್ಥೆಗಳು ಅದನ್ನು ವರದಿ ಮಾಡಬೇಕು. ಸರ್ವರ್‌ನ ಚಟುವಟಿಕೆ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ಯಾವ ಸರ್ವರ್‌ನಲ್ಲಿ ಏನಿದೆ ಎಂಬ ಪಟ್ಟಿಯೇ ಇಲ್ಲದವರು ಆರು ಗಂಟೆಗಳಲ್ಲಿ ಏನು ತಾನೇ ವರದಿ ಮಾಡಿಯಾರು?

ಜಾಲತಾಣ ಹೊಂದಿರುವ ಓದುಗರು ತಮ್ಮ ಹೋಸ್ಟಿಂಗ್ ಸಂಸ್ಥೆಗೆ ಈ ನಾಲ್ಕು ಪ್ರಶ್ನೆಗಳನ್ನು ಬರಹದಲ್ಲಿ ಕೇಳುವುದು ಒಳಿತು:

1. ನಮ್ಮ ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಯಾವುದು, ಅದರ ಬೆಂಬಲ ಎಂದಿಗೆ ಮುಗಿಯುತ್ತದೆ?

2. ಭದ್ರತಾ ತೇಪೆಗಳನ್ನು ಯಾರು, ಎಷ್ಟು ದಿನಗಳೊಳಗೆ ಹಾಕುತ್ತಾರೆ?

3. ಸರ್ವರ್ ಕಡೆಯ ಬಾರಿಗೆ ಮರುಚಾಲನೆಯಾದದ್ದು ಯಾವಾಗ?

4. ಬ್ಯಾಕಪ್ ಎಲ್ಲಿದೆ, ಅದರಿಂದ ತಾಣವನ್ನು ಮರಳಿ ಪಡೆದು ನೋಡಿದ್ದು ಯಾವಾಗ?

ಸ್ಪಷ್ಟ ಉತ್ತರ ಬಂದರೆ ನೆಮ್ಮದಿ. ಬಾರದಿದ್ದರೆ ತಾಣವನ್ನು ಬೇರೆಡೆಗೆ ಸಾಗಿಸುವ ಯೋಚನೆಯನ್ನು ದಾಳಿ ನಡೆಯುವ ಮುನ್ನವೇ ಮಾಡುವುದು ಲೇಸು.